ಮೂರು ನಿಮಿಷ ಹನ್ನೆರಡು ಸೆಕೆಂಡ್

ಲಿಂಗರಾಜನ ಮೂಗಿಗೂ ಜಂಬುನಾಥನ ಬೆರಳುಗಳಿಗೂ ನಡುವೆ ಒಂದೇ ಗೇಣಿನ ಅಂತರವಿತ್ತು.

ಲಿಂಗರಾಜನಿಗೆ ಇದು ಗೊತ್ತಿರಲಿಲ್ಲ. ಅವನು ವಾನರ ಲೋಕ ಪಾರ್ಕಿನ ಕಂಬಿಗೆ ಒರಗಿ, ರೆಕಾರ್ಡರ್ ಎತ್ತಿ ಹಿಡಿದು, ನಾಲ್ಕು ಗಂಟೆಯ ಮೆರವಣಿಗೆ ನೋಡುತ್ತಿದ್ದ. ಟ್ರ್ಯಾಕ್ಟರಿನ ಮೇಲೆ ಪ್ಲಾಸ್ಟಿಕ್ ಆನೆ. ಅದರ ಹಿಂದೆ ಕೋತಿವೇಷದ ಹನ್ನೊಂದು ಮಂದಿ. ಕಂಬಕಂಬದ ಸ್ಪೀಕರಿನಿಂದಲೂ ತಮಟೆ, ಕಹಳೆ, ಪಿಟೀಲು. ಹಿಂದೆ ನಿಂತಿದ್ದ ಜಂಬುನಾಥ ಗಡಿಯಾರ ನೋಡಿಕೊಂಡ. ಎರಡು ನಿಮಿಷ ನಲವತ್ತು ಸೆಕೆಂಡ್. ಇನ್ನು ಮೂವತ್ತೆರಡು ಸೆಕೆಂಡಿಗೆ ಇವನ ಮೂಗಿನಿಂದ ಆ ಸೀನು ಬರಬೇಕು. ಇವತ್ತು ಬರಗೊಡುವುದಿಲ್ಲ.

ಹೊಸಪೇಟೆಯ ಚಿತ್ತವಾಡ್ಗಿಯ ಜಂಬುನಾಥ ಸಂಡೂರಿನ ಗಣಿಯೊಂದರಲ್ಲಿ ಇಪ್ಪತ್ತಾರು ವರ್ಷ ಅದಿರಿನ ಲಾರಿ ತೂಗಿಸಿದವನು. ಕೆಂಧೂಳಿನಲ್ಲೇ ತಲೆ ನರೆಯಿತು. ಹೋದ ವರ್ಷ ನಿವೃತ್ತನಾದ ಮರುವಾರವೇ ಒಂದು ಒಳ್ಳೆಯ ರೆಕಾರ್ಡರ್ ತರಿಸಿದ. ಮನರಂಜನಾ ಪಾರ್ಕುಗಳ ಮೆರವಣಿಗೆಯ ಸಂಗೀತ, ಕಾರಂಜಿ ಕುಣಿತದ ಸಂಗೀತ, ದೆವ್ವದ ಮನೆಯ ಊಳು, ಇವನ್ನೆಲ್ಲ ಕೂಡಿಡುವುದು ಅವನ ಹುಚ್ಚು. ಅಂಥವರು ಇನ್ನೂ ಹದಿಮೂರು ಮಂದಿ ಇದ್ದರು, ಅವರದೊಂದು ವಾಟ್ಸಾಪ್ ಗುಂಪೂ ಇತ್ತು.

"ಮಂದಿ ಪಾರ್ಕಿಗೆ ಹೋಗಿ ಜಾರುಬಂಡಿ ಆಡ್ತಾರ. ನೀವು ಅಲ್ಲಿ ಗದ್ದಲ ಮನಿಗೆ ಹೊತ್ಕೊಂಡು ಬರ್ತೀರಿ," ಎನ್ನುತ್ತಿದ್ದಳು ಹೆಂಡತಿ ಪಂಪಾವತಿ. ಅವನ ಹೆಡ್‌ಫೋನಿಗೆ ಒಮ್ಮೆಯೂ ಕಿವಿ ಕೊಟ್ಟವಳಲ್ಲ.

ಹೈದರಾಬಾದಿನಿಂದ ಮೈಸೂರಿನವರೆಗೆ ನೂರಾ ಎಂಬತ್ತು ಮೆರವಣಿಗೆಗಳು ಅವನ ಬಳಿ ಇದ್ದವು. ಮನೆಯಿಂದ ಅರ್ಧ ತಾಸಿನ ದಾರಿಯ ವಾನರ ಲೋಕದ್ದು ಮಾತ್ರ ಇರಲಿಲ್ಲ. ನಾಲ್ಕು ವರ್ಷದ ಹಿಂದೆ, ಗಣಿಯಿಂದ ನೇರವಾಗಿ ಬಂದು, ಅದನ್ನು ಮೊಬೈಲಿನಲ್ಲಿ ಹಿಡಿದು ಗುಂಪಿಗೆ ಕಳಿಸಿದ್ದೇನೋ ನಿಜ. ಕೂತು ಕೇಳುವ ಮೊದಲೇ, ಮರುದಿನ, ಆ ಮೊಬೈಲು ಅಂಗಿಯ ಜೇಬಿನಿಂದ ಜಾರಿ ಕಂಪ್ಲಿಯ ಕಾಲುವೆ ಸೇರಿತು. ಗುಂಪಿನವರು ಹೆಬ್ಬೆಟ್ಟು ತೋರಿಸಿ, ಜಾಗ ಸಾಲದೆಂದು ಅಳಿಸಿಹಾಕಿದ್ದರು.

ಹೊಸ ರೆಕಾರ್ಡರ್ ಹಿಡಿದು ಅವನು ಒಂಬತ್ತು ಭಾನುವಾರ ಬಂದ. ಒಂಬತ್ತು ಸಲವೂ ಸರಿಯಾಗಿ ಮೂರು ನಿಮಿಷ ಹನ್ನೆರಡನೆಯ ಸೆಕೆಂಡಿಗೆ ಯಾರೋ ಸೀನಿದರು. ಮೊದಲು ಎರಡು ಸಣ್ಣವು. ಆಮೇಲೆ ಲಾರಿಯ ಟೈರು ಸಿಡಿದಂತೆ ಒಂದು ದೊಡ್ಡದು. ಅವನು ಜಾಗ ಬದಲಿಸಿದ. ಗೇಟಿನ ಬಳಿ ನಿಂತ, ಕಾರಂಜಿಯ ಬಳಿ ನಿಂತ, ಐಸ್‌ಕ್ರೀಮ್ ಗಾಡಿಯ ಹಿಂದೆ ಅವಿತು ಕೂತ. ಸೀನು ಎಲ್ಲೆಲ್ಲೂ ಅಷ್ಟೇ ಜೋರು, ಅಷ್ಟೇ ಹತ್ತಿರ. ಯಾವನೋ ತನ್ನ ಬೆನ್ನು ಹತ್ತಿದ್ದಾನೆ. ಇಷ್ಟು ಕರಾರುವಾಕ್ಕಾಗಿ ಸೀನುವವನು ಬೇಕೆಂದೇ ಸೀನುತ್ತಾನೆ.

ಮರಿಯಮ್ಮನಹಳ್ಳಿಯ ಟೈರಂಗಡಿ ಲಿಂಗರಾಜನೂ ಅದೇ ಗುಂಪಿನವನು. ಪ್ರತಿ ಭಾನುವಾರ ಬರುತ್ತಿದ್ದ. ಮೇಲಾಗಿ ನಶ್ಯ ಏರಿಸುತ್ತಿದ್ದ. ಒಮ್ಮೆ ಹಲ್ಲು ಕಿರಿದು, "ಜಂಬುನಾಥಣ್ಣ, ದೇಶ ಎಲ್ಲಾ ಗೋರಿಕೊಂಡು ಬಂದಿ, ನಿಮ್ಮೂರಿಂದೇ ಇಲ್ಲಲ್ಲ!" ಎಂದೂ ಅಂದಿದ್ದ. ಸೀನಿನಿಂದ ತನ್ನ ರೆಕಾರ್ಡಿಂಗೂ ಕೆಟ್ಟಿತೆಂದು ಅವನು ಗೋಳಾಡುತ್ತಿದ್ದುದು ಶುದ್ಧ ನಾಟಕ.

ಇವತ್ತೇ ಕೊನೆಯ ಅವಕಾಶ. ಬರುವ ವಾರದಿಂದ ಮೆರವಣಿಗೆ ಬಂದ್, ಅದರ ಬದಲು ಡಿಜೆ ಎಂದು ಪಾರ್ಕಿನವರು ಬೋರ್ಡು ಹಾಕಿದ್ದರು.

ಮೂರು ನಿಮಿಷ ಹತ್ತು ಸೆಕೆಂಡ್. ಜಂಬುನಾಥನ ಕೈ ಮುಂದೆ ಹೋಯಿತು. ಹೆಬ್ಬೆರಳು, ತೋರುಬೆರಳು ಸೇರಿ ಲಿಂಗರಾಜನ ಮೂಗನ್ನು ಇಕ್ಕುಳದಂತೆ ಹಿಡಿದವು.

ಹಾಕ್ಷಿ. ಹಾಕ್ಷಿ. ಹ್ಯಾಆಆಕ್ಷೀ!

ಹನ್ನೊಂದು ಕೋತಿಗಳೂ ಒಟ್ಟಿಗೆ ಪಲ್ಟಿ ಹೊಡೆದವು. ಜನ ಚಪ್ಪಾಳೆ ತಟ್ಟಿದರು. ಬೆರಳುಗಳ ನಡುವಿನ ಮೂಗು ಮಾತ್ರ ಮಿಸುಕಿರಲಿಲ್ಲ.

"ಬೂಗು ಬಿಡಲೇ! ನದ್ದ ಬೂಗು!" ಎಂದು ಲಿಂಗರಾಜ ಕಿರುಚಿದ.

ಮಿರ್ಚಿ ಅಂಗಡಿಯ ಬಳಿ ಕೂತಿದ್ದ ಪಂಪಾವತಿ ಗಾಬರಿಯಿಂದ ಓಡಿಬಂದಳು. ಅವಳು ಈ ಪಾರ್ಕಿಗೆ ಬಂದದ್ದೇ ಇವತ್ತು ಮೊದಲು.

"ಮತ್ತ ಸುರುವಾತೇನ್ರಿ ನಿಮಗ?"

"ನಾನೇನ್ ಸುರು ಮಾಡಿಲ್ಲ. ಸುರು ಮಾಡಿದಾಂವ ಇಂವ!" ಎಂದ ಜಂಬುನಾಥ, ಮೂಗು ಬಿಡದೆ.

ಕಾವಲುಗಾರ ಬಂದು ಮೂಗನ್ನು ಬಿಡಿಸಿ, ಮೂವರನ್ನೂ ಸೌಂಡ್ ರೂಮಿಗೆ ಕರೆದೊಯ್ದ. ಅಲ್ಲಿ ಧ್ವನಿವರ್ಧಕ ನೋಡಿಕೊಳ್ಳುವ ಬಸವಕುಮಾರ್ ಚಹಾ ಕುಡಿಯುತ್ತಿದ್ದ. ದೂರನ್ನೆಲ್ಲ ಕೇಳಿ ಲೋಟ ಕೆಳಗಿಟ್ಟ.

"ಇಲ್ಲಿ ಯಾರೂ ಸೀನಂಗಿಲ್ರಿ ಸರ. ಸೀನು ಹಾಡಿನಾಗ ಐತಿ."

"ಹಾಡಿನಾಗ?" ಎಂದ ಜಂಬುನಾಥ.

"ಎರಡು ವರ್ಷದ ಹಿಂದ ಸಿಡಿಲು ಬಡದು ಕಂಪ್ಯೂಟರ್ ಸುಟ್ಟು ಹೋತ್ರಿ. ಹಾಡು ಮಾಡಿಕೊಟ್ಟ ಕಂಪನಿನೂ ಮುಚ್ಚಿತ್ತು. ಯಾರೋ ಪುಣ್ಯಾತ್ಮ ಮೊದಲ ಯಾವಾಗೋ ಮೊಬೈಲಿನಾಗ ಹಿಡದಿದ್ದು, ಅವರಿವರ ಕಡಿಂದ ನಮಗ ಸಿಕ್ತು. ಅದನ್ನ ಹಾಕೀವಿ. ಸೀನು ತಗದ್ರ ತಾಳ ತಪ್ಪತೈತಿ. ಆ ದೊಡ್ಡ ಸೀನಿಗೇ ಅಲ್ರಿ ನಮ್ಮ ಕೋತಿಗಳು ಪಲ್ಟಿ ಹೊಡಿಯೋದು!"

ಜಂಬುನಾಥ ಲಿಂಗರಾಜನ ಕೆಂಪು ಮೂಗನ್ನು ನೋಡಿದ. ಕೈ ಮುಗಿದ. "ತಪ್ಪಾತಪ್ಪ. ಹೊಟ್ಟ್ಯಾಗ ಹಾಕ್ಕೋ."

"ನನ್ನ ರೆಕಾರ್ಡಿಂಗ್ ಜೋಡಿ ನಿಂದೂ ಹಾಳು ಮಾಡ್ಯಾನ ಅಂವ, ಯಾರದಾನೋ," ಎಂದ ಲಿಂಗರಾಜ ಮೂಗು ಸವರಿಕೊಳ್ಳುತ್ತ.

ಜಂಬುನಾಥನಿಗೆ ಸಿಟ್ಟು ನೆತ್ತಿಗೇರಿತು. "ರೆಕಾರ್ಡ್ ಮಾಡೋವಾಗ ಮೂಗು ಬಾಯಿ ಮುಚ್ಕೊಂಡು ನಿಂದ್ರಬೇಕು ಅನ್ನೋ ಖಬರ್ ಇಲ್ಲದ ಕತ್ತೆ! ಅಂವ ಕೈಗೆ ಸಿಗಲಿ, ಈ ಗುಂಪಿಂದ ಅಲ್ಲ, ಹೊಸಪೇಟೆಯಿಂದಲೇ ಹೊರಗ ಹಾಕಸ್ತೀನಿ. ಹಾಕ್ರಿ ಇನ್ನೊಮ್ಮೆ, ಯಾರ ದನಿ ಅಂತ ಕೇಳಿ ಹಿಡಿಯೋಣ."

ಬಸವಕುಮಾರ್ ಗುಂಡಿ ಒತ್ತಿದ. ಎರಡು ಸಣ್ಣವು, ಒಂದು ದೊಡ್ಡದು. ಮೇಜಿನ ಮೇಲಿನ ಲೋಟ ನಡುಗಿತು. ಲಿಂಗರಾಜ ಕಣ್ಣು ಮುಚ್ಚಿ ಕೇಳಿ, ಗೊತ್ತಾಗಲಿಲ್ಲ ಎಂದು ತಲೆಯಾಡಿಸಿದ. ಜಂಬುನಾಥನೂ ತಲೆಯಾಡಿಸಿದ.

"ಇಪ್ಪತ್ತಾರು ವರ್ಷ ಮಗ್ಗಲದಾಗ ಮಲಗಿ ಕೇಳೀನಿ," ಎಂದಳು ಬಾಗಿಲಲ್ಲಿ ನಿಂತಿದ್ದ ಪಂಪಾವತಿ, "ಗಣಿ ಧೂಳು ಬಿಟ್ಟ ಮ್ಯಾಲೆ ನಿಂತಿತ್ತು. ನಿಮ್ಮ ಸೀನು ನಿಮಗ ಗುರುತು ಸಿಗವಲ್ದೇನ್ರಿ?"