ಮುಂದಿನ ವರ್ಷ ಬನ್ನಿ

ಅಜ್ಜಿಕತೆಯ ರಾಜಕುಮಾರಿ ಕೂಡ ಮೂರೇ ಒಗಟು ಕೇಳುತ್ತಿದ್ದಳು. ಈ ವಿಶ್ವಸಂಸ್ಥೆಯ ಸಮಿತಿ ವರ್ಷಕ್ಕೊಂದರಂತೆ ಆರು ಪ್ರಶ್ನೆ ಕೇಳಿತ್ತು. ಪ್ರತಿ ಉತ್ತರಕ್ಕೂ ಒಂದೇ ಮಾತು: ಮುಂದಿನ ವರ್ಷ ಬನ್ನಿ.

ಸಣ್ಣೀರಮ್ಮನ ಸಂಘದವರೆಲ್ಲ ಕಲ್ಲುಗಣಿಯ ಧೂಳು ಕುಡಿದು ಎದೆ ಕೆಡಿಸಿಕೊಂಡವರು; ಆ ಕಾಯಿಲೆಗೆ ಮದ್ದಿಲ್ಲ. ಸಮಿತಿಯಿಂದ ಸಲಹೆ ಕೊಡುವ ಸಂಘವೆಂದು ಮಾನ್ಯತೆ ಸಿಕ್ಕರೆ, ಗಣಿ ಕೆಲಸದ ನಿಯಮ ಮಾಡುವ ಸಭೆಯಲ್ಲಿ ಆಕೆ ಮೂರು ನಿಮಿಷ ಮಾತಾಡಬಹುದು.

ಮುಂದಿನ ಸಾಲಿನ ಸೂಟಿನವರು ಎಲ್ಲರ ಕೈಕುಲುಕಿ ನಗುತ್ತ ಹೊರಟರು.

"ಅವ್ರು ಯಾರವ್ವಾ?" ಸಣ್ಣೀರಮ್ಮ ಪಕ್ಕದ ಹುಡುಗಿಯನ್ನು ಕೇಳಿದಳು.

"ಗಣಿ ಮಾಲೀಕರ ಸಂಘದೋರು," ಎಂದಳು ದುಭಾಷಿ ಹುಡುಗಿ. "ಮೊದಲನೇ ಸಲಕ್ಕೇ ಮಾನ್ಯತೆ ಸಿಕ್ತು."

"ಅವ್ರನ್ನೇನು ಕೇಳಿದ್ರು?"

"ಏನೂ ಇಲ್ಲ. ಒಳ್ಳೇದಾಗ್ಲಿ ಅಂದ್ರು."

"ಥೂ. ಬೀಗರಿಗೆ ಒಬ್ಬಟ್ಟು, ನಮಗೆ ಒಗಟು." ಸಣ್ಣೀರಮ್ಮನಿಗೆ ಕೆಮ್ಮು ಒತ್ತಿಕೊಂಡು ಬಂತು.

ಆಕೆಯ ಸರದಿ ಬಂದಾಗ ಅಧ್ಯಕ್ಷರು ಕಾಗದ ತಿರುವಿ, ಮುಗುಳ್ನಕ್ಕು, ಏನೋ ಕೇಳಿದರು.

"ಹೇಳವ್ವಾ, ಏನಂತೆ?"

"ಮೊದಲನೇ ಅರ್ಜೀಲಿ ನಾನೂರು ಜನ ಇದ್ರಂತೆ, ಈಗ ತೊಂಬತ್ತೇ ಅಂತೆ. ಜನ ನಿಮ್ಮ ಸಂಘ ಯಾಕೆ ಬಿಟ್ಟು ಹೋಗ್ತಿದಾರೆ ಅಂತ ಕೇಳ್ತಿದಾರೆ, ಅಮ್ಮಾ."