ಅಪ್ಪನ ಪಡಿಯಚ್ಚು

ಸೊಸೆ ಕಪ್ಪು, ಮಗ ಬಂಗಾರದ ಬಣ್ಣ. ಅವಳು ಬಸುರಿ ಎಂದು ಗೊತ್ತಾದ ದಿನವೇ ಅತ್ತೆ ಅರಿಶಿನದ ಬಟ್ಟೆಯಲ್ಲಿ ದೇವರಿಗೆ ಮುಡಿಪು ಕಟ್ಟಿ, ಸೊಸೆಗೆ ಕೇಳುವಂತೆಯೇ ಬೇಡಿಕೊಂಡಳು: “ಕೂಸಿಗೆ ಇವಳದ್ದು ಒಂದಂಶನೂ ಬರೋದು ಬೇಡ ನನ್ನಪ್ಪಾ. ಪೂರ್ತಿ ನನ್ನ ಮಗನದ್ದೇ ಇರ್ಲಿ.”

ಮೂರೇ ತಿಂಗಳಿಗೆ ಹೊಟ್ಟೆ ಐದು ತಿಂಗಳಿನಷ್ಟು ಉಬ್ಬಿತು. ಕುಡಿಸಿದ ಕೇಸರಿ ಹಾಲನ್ನೆಲ್ಲ ಸೊಸೆ ಕಕ್ಕುತ್ತಿದ್ದರೂ ಅತ್ತೆ ಹಿಗ್ಗಿದಳು. “ನೋಡಿ, ನಮ್ಮ ವಂಶದ ಮೈಕಟ್ಟು!”

ರಕ್ತ ಹೋದ ದಿನ ಆಸ್ಪತ್ರೆಗೆ ಓಡಿದರು. ಸ್ಕ್ಯಾನಿಂಗ್‌ನಲ್ಲಿ ಮಗುವೇ ಇರಲಿಲ್ಲ. ಗರ್ಭದ ತುಂಬ ದ್ರಾಕ್ಷಿ ಗೊಂಚಲಿನಂಥ ನೀರುಗುಳ್ಳೆಗಳು.

“ಎಲ್ಲಾ ಇವಳ ಕೆಟ್ಟ ರಕ್ತದ್ದೇ ಅಲ್ವಾ ಡಾಕ್ಟ್ರೇ?” ಅತ್ತೆ ಸೊಸೆಯತ್ತ ಬೆರಳು ಮಾಡಿದಳು.

ಡಾಕ್ಟರು ಅತ್ತೆಯ ಮುಖ ನೋಡಿದರು. “ಇಲ್ಲಮ್ಮ. ಇಂಥ ಗುಳ್ಳೆ ಗರ್ಭದಲ್ಲಿ ತಾಯಿಯ ವಂಶವಾಹಿ ಒಂದಂಶನೂ ಇರೋದಿಲ್ಲ. ಪೂರ್ತಿ ನಿಮ್ಮ ಮಗನದ್ದೇ.”