ಗೇಟಿನ ಒಳಗಿನ ನೆಲ

ಆ ದೇಶದಲ್ಲಿ ಮನೆಗೆಲಸಕ್ಕೆ ಬಂದವರ ಮೊಣಕಾಲಿಗೆ ಚಿಪ್ ಕೂರಿಸುವುದು ವಾಡಿಕೆ. ಯಜಮಾನರು ಗುಂಡಿ ಒತ್ತಿದರೆ ಕಾಲು ನಿಂತುಹೋಗುತ್ತದೆ. ಓಡಿಬಂದ ಹುಲಿಗೆಮ್ಮನ ಕಾಲುಗಳು ನಮ್ಮ ರಾಯಭಾರ ಕಚೇರಿಯ ಗೇಟಿನ ಮುಂದೆಯೇ ನಿಂತುಹೋದವು. ಬೆನ್ನ ಮೇಲಿನ ಬರೆ ಇನ್ನೂ ಹಸಿಯಾಗಿತ್ತು. ತೆವಳಿಕೊಂಡು ಹೋಗಿ ಸರಳುಗಳ ನಡುವೆ ಕೈ ಚಾಚಿದಳು.

"ಒಳಗ ಎಳಕೊಳ್ರಿ ಅಣ್ಣಾ. ತಿರುಗಿ ಆ ಮನಿಗೆ ಹೋದ್ರ ನಾ ಉಳಿಯಂಗಿಲ್ಲ."

ಒಳಗಿದ್ದ ಅಧಿಕಾರಿ ಕನ್ನಡದವನೇ. "ಹೊರಗಿನ ನೆಲ ಅವರದಮ್ಮ, ನಾನು ಎಳೆಯೋ ಹಾಗಿಲ್ಲ. ತೆವಳಿ ಬಂದವರಿಗೆ ಗೇಟು ತೆಗೆಯೋ ಹಾಗಿಲ್ಲ, ನಿಯಮ. ನೀನಾಗಿ ನಡೆದು ಒಳಗೆ ಬಂದ್ರೆ ನೋಡ್ಕೊಳ್ತೀವಿ."

"ಕಾಲು ನನ್ನ ಮಾತು ಕೇಳವಲ್ವು ಅಣ್ಣಾ."

ಯಜಮಾನನ ವ್ಯಾನು ಬಂದು ನಿಂತಿತು. ಅವಳು ಅಧಿಕಾರಿಯ ಪ್ಯಾಂಟಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಅವನು ಕುಕ್ಕರಗಾಲಲ್ಲಿ ಕೂತು, ನೋಯದ ಹಾಗೆ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಆ ದೇಶಕ್ಕೆ ಬಂದ ಮೇಲೆ ಅವಳ ಕೈಯನ್ನು ಅಷ್ಟು ಮೆತ್ತಗೆ ಮುಟ್ಟಿದವನು ಅವನೊಬ್ಬನೇ.